ಹಾಲೇಶಿ ಬೆಳಗಿನ ಗುಂಪಿಗೆ ಉತ್ತರ ಬರೆದದ್ದು

ಕೇಳ್ತೀರಾದರೆ ಹೇಳ್ತೀನಿ. ಒಂದೇ ಷರತ್ತು, ಕತೆ ಮುಗಿಯುವ ತನಕ ಯಾರೂ ಫೋನು ನೋಡಕೂಡದು. ಇದು ಫೋನಿಂದಲೇ ಆದ ಕತೆ.

ಹರಿಹರದಲ್ಲಿ ಕೊಟ್ರಮ್ಮ ಅಂತ ಒಬ್ಬ ಹೆಂಗಸು. ಬ್ಲೌಸು ಹೊಲಿದು ಬದುಕುವವಳು. ಗಂಡ ಹೋಗಿ ಬಹಳ ಕಾಲವಾಗಿತ್ತು, ಉಳಿದವನು ಒಬ್ಬ ಮಗ, ಹಾಲೇಶಿ. ನೋಡೋಕೆ ಲಕ್ಷಣವಾಗಿದ್ದ. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಹಾಕಿದ ಅಂಗಿ, ಹಿರಿಯರನ್ನು ಕಂಡರೆ ಎರಡೂ ಕೈ ಜೋಡಿಸುವ ನಯ. ಬುದ್ಧಿ ಒಂದನ್ನು ಬಿಟ್ಟು ದೇವರು ಅವನಿಗೆ ಎಲ್ಲವನ್ನೂ ಕೊಟ್ಟಿದ್ದ. ಹೇಳಿದ ಮಾತು ಕೇಳೋದಿಲ್ಲ ಅಂತ ಊರಿನ ತಾಯಂದಿರೆಲ್ಲ ತಮ್ಮ ಮಕ್ಕಳನ್ನ ಬಯ್ತಾರೆ. ಕೊಟ್ರಮ್ಮನ ಕಷ್ಟ ಬೇರೆ. ಅವಳ ಮಗ ಹೇಳಿದ ಮಾತು ಕೇಳ್ತಿದ್ದ.

ಹಬ್ಬದ ಮುಂಚೆ ಒಂದು ದಿನ ಕೊಟ್ರಮ್ಮ ದಾರ, ಹುಕ್ಕು ತರೋಕೆ ಪೇಟೆಗೆ ಹೊರಟಳು. ಹೊಲಿದು ಮುಗಿಯದ ಬ್ಲೌಸುಗಳು ರಾಶಿ ಬಿದ್ದಿದ್ದವು. "ಲೇ ಹಾಲೇಶಿ, ಯಾರು ಬಂದರೂ ನಾಳೆ ಬನ್ನಿ ಅನ್ನು."

"ಆಯ್ತವ್ವ."

ಗ್ಯಾಸ್ ಸಿಲಿಂಡರಿನವನು ಬಂದ. "ನಾಳೆ ಬನ್ನಿ." ಸಿಲಿಂಡರು ಹೊತ್ತವನು ಅದನ್ನು ಹೊತ್ತುಕೊಂಡೇ ವಾಪಸ್ ಹೋದ. ಪಕ್ಕದ ಮನೆಯವಳು ಏದುಸಿರು ಬಿಡುತ್ತಾ ಓಡಿ ಬಂದಳು. "ಹಾಲೇಶಿ, ನಿಮ್ಮ ತಂತಿ ಮೇಲಿನ ಸೀರೆ ಹಸು ತಿಂತಾ ಇದೆ ಕಣೋ!" "ನಾಳೆ ಬನ್ನಿ."

ಕೊಟ್ರಮ್ಮ ಬಂದಳು, ಅರ್ಧ ಸೀರೆ ನೋಡಿದಳು, ಹಣೆ ಚಚ್ಚಿಕೊಂಡಳು. ಇವನನ್ನು ಬಯ್ದು ಬಯ್ದು ಅವಳ ಗಂಟಲು ಒಡೆದಿತ್ತು. ಬಯ್ಯೋದೂ ಒಂದು ಕೆಲಸ ತಾನೆ, ಅದಕ್ಕೂ ಸುಸ್ತಾಗುತ್ತೆ.

ಇಂಥ ಕೊಟ್ರಮ್ಮನಿಗೆ ದಿನಕ್ಕೆ ಒಂದೇ ಒಂದು ಸುಖವಿತ್ತು. ಬೆಳಗಿನ ಗುಂಪು.

ಫೋನಿನ ಒಂದು ದೊಡ್ಡ ಗುಂಪಿನಲ್ಲಿ ಯಾರೋ ಒಂದು ಸಲ ಬರೆದು ಕೇಳಿದ್ದರು, ಕಸ ಗುಡಿಸೋದಕ್ಕೆ ನಿಮ್ಮ ಕಡೆ ಏನಂತೀರಿ ಅಂತ. ಧಾರವಾಡದ ಅನಸೂಯಾಬಾಯಿ ಕಸಬರಿಗೆ ಅಂದಳು. ಪುತ್ತೂರಿನ ಜಲಜಾಕ್ಷಿ ಹಿಡಿಸೂಡಿ ಅಂದಳು. ಚಾಮರಾಜನಗರದ ಚೆನ್ನಾಜಮ್ಮ ಪರಕೆ ಅಂದಳು. ಅದು ಕಸಬರಿಗೆಯೇ ಸರಿ, ಇಲ್ಲ ಪರಕೆಯೇ ಸರಿ ಅಂತ ಶುರುವಾದ ಜಗಳಕ್ಕೆ ಕೊಟ್ರಮ್ಮ ಹೋಗಿ, "ಯಾವುದಾದರೂ ಆಗಲಿ, ಹಿಡಿಯೋರು ನಾವೇ ತಾನೆ" ಅಂದಳು. ಅವತ್ತಿನಿಂದ ನಾಲ್ವರೂ ಗೆಳತಿಯರು, ತಮ್ಮದೇ ಒಂದು ಗುಂಪು ಮಾಡಿಕೊಂಡರು. ಒಬ್ಬರ ಮನೆಗೆ ಒಬ್ಬರು ಹೋದವರಲ್ಲ, ಒಬ್ಬರ ದನಿ ಒಬ್ಬರು ಕೇಳಿದವರಲ್ಲ. ಒಂದು ದೀಪಾವಳಿಗೆ ಕೊಟ್ರಮ್ಮ ಉಳಿದ ಬಟ್ಟೆ ಚೂರುಗಳಿಂದ ಮೂವರಿಗೂ ಕೈಚೀಲ ಹೊಲಿದು ಕೊರಿಯರ್ ಮಾಡಿದ್ದಳು, ಅಷ್ಟೇ. ಮಿಕ್ಕಿದ್ದೆಲ್ಲ ಬರೆಯೋದರಲ್ಲಿ. ಬೆಳಿಗ್ಗೆ ಒಲೆ ಮೇಲೆ ಹಾಲಿಟ್ಟು, ಅದು ಕಾಯುವಷ್ಟು ಹೊತ್ತು, ಮನೆಯವರು ಏಳುವ ಮುಂಚೆ.

"ಏನವಾ, ಚಾ ಆತೇನು?" ಅಂತ ಅನಸೂಯಾಬಾಯಿ.

"ಚಾ ಎಂತದು ಮಾರಾಯ್ತಿ, ಇಲ್ಲಿ ಕಾಫಿಯೇ. ತಿಂಡಿಗೆ ಎಂತ ಮಾಡುವುದು ಅಂತಲೇ ಗೊತ್ತಾಗುವುದಿಲ್ಲ" ಅಂತ ಜಲಜಾಕ್ಷಿ.

"ರಾತ್ರಿ ಮುದ್ದೆ ಅದೆ, ಅದನ್ನೇ ತಿಂದ್ಕೊಂಡು ಹೋಗಿ ಕಣ್ರವ್ವ" ಅಂತ ಚೆನ್ನಾಜಮ್ಮ.

ಅಷ್ಟೇ. ಅದರಲ್ಲಿ ಏನಿದೆ ಅಂತೀರಾ? ಏನೂ ಇಲ್ಲ. ಆದರೆ ಇಡೀ ಹರಿಹರದಲ್ಲಿ ಕೊಟ್ರಮ್ಮನನ್ನು ಬ್ಲೌಸ್ ಆಯ್ತಾ ಅಂತ ಕೇಳೋರು ಇದ್ದರೇ ಹೊರತು ಚಾ ಆಯ್ತಾ ಅಂತ ಕೇಳೋರು ಒಬ್ಬರೂ ಇರಲಿಲ್ಲ.

ಗುಂಪಿಗೆ ಒಂದು ಕಟ್ಟಳೆ ಇತ್ತು, ಕೊಟ್ರಮ್ಮನೇ ಹಾಕಿದ್ದು. ಬೆಳಬೆಳಿಗ್ಗೆ ರೋಗದ ಮಾತು ಕೂಡದು. ಬೀಪಿ, ಶುಗರು, ಮಂಡಿನೋವು ಎಲ್ಲ ಹಗಲು ಇದ್ದೇ ಇರ್ತಾವೆ, ಇಷ್ಟು ಹೊತ್ತಾದರೂ ಆರಾಮಾಗಿರೋಣ ಅಂತ.

ಹೀಗಿರುವಾಗ ಕೊಟ್ರಮ್ಮನ ಕಣ್ಣಿಗೆ ಪೊರೆ ಬಂತು. ಸೂಜಿಗೆ ದಾರ ಪೋಣಿಸೋಕಾಗದೆ ಹೋಯಿತು. ಆಪರೇಷನ್ನಾಯಿತು. ಡಾಕ್ಟರು ಕಪ್ಪು ಕನ್ನಡಕ ಹಾಕಿಸಿ, "ನಾನು ಹೇಳೋ ತನಕ ಮಿಷನ್ ಮುಟ್ಟಬೇಡಿ, ಒಲೆ ಹತ್ತಿರ ಹೋಗಬೇಡಿ, ಫೋನ್ ನೋಡಲೇಬೇಡಿ" ಅಂದರು.

ಮಿಷನ್ನು ಬಿಡಬಹುದು. ಒಲೆ ಬಿಡೋಕೆ ಅವಳು ಯಾವತ್ತೋ ತಯಾರು. ಫೋನು? ಹೇಳದೆ ಕೇಳದೆ ಕಾಣೆಯಾದರೆ ಅವರು ಏನಂದುಕೊಳ್ಳಬೇಕು? ಆಪರೇಷನ್ನು ಅಂತ ಹೇಳೋಣವೆಂದರೆ ಕಟ್ಟಳೆ ಹಾಕಿದವಳೇ ಮುರಿದ ಹಾಗಾಗುತ್ತೆ.

"ಹಾಲೇಶಿ, ಬಾರೋ ಇಲ್ಲಿ. ನಾನು ಹೇಳ್ತಾ ಹೋಗ್ತೀನಿ, ನೀನು ಬರೀತಾ ಹೋಗು. ಒಂದಕ್ಷರ ಬಿಡಬೇಡ."

"ಒಂದಕ್ಷರ ಬಿಡಲ್ಲವ್ವ."

ಬರೆದ. ಕಳಿಸಿದ. ಆಮೇಲೆ ಹೆಮ್ಮೆಯಿಂದ ಓದಿ ಹೇಳಿದ:

"ಹಾಂ, ಬರಿ. ಎಲ್ಲರಿಗೂ ನಮಸ್ಕಾರ. ಬರೆದ್ಯಾ? ನಾನು ಆರಾಮಾಗಿದೀನಿ. ಲೇ, ಹಾಲು ಉಕ್ತಾ ಇದೆ, ಮೂಗಿಲ್ವಾ ನಿನಗೆ! ಅನಸೂಯಾಬಾಯಿ ಏನು ಬರೆದಿದಾಳೆ? ಮತ್ತೆ ಉಪ್ಪಿಟ್ಟಾ? ಆ ಮನೇಲಿ ಬೇರೆ ಏನೂ ಮಾಡೋದೇ ಇಲ್ವೇನೋ. ಅದನ್ನ ಬರೀಬೇಡ. ಬಹಳ ರುಚಿಯಾಗಿರುತ್ತೆ ಅಂತ ಬರಿ."

ಕೊಟ್ರಮ್ಮ ಗೋಡೆ ಹಿಡಿದುಕೊಂಡಳು. "ಬರೀಬೇಡ ಅಂದಿದ್ದನ್ನೂ ಬರೆದ್ಯಾ?"

"ಬರೀಬೇಡ ಅಂದಿದ್ದನ್ನೂ ಬರೆದೆ. ಒಂದಕ್ಷರ ಬಿಟ್ಟಿಲ್ಲ."

ಅಳಿಸೋ ಅನ್ನೋದರೊಳಗೆ ಮೂವರೂ ಓದಿಯಾಗಿತ್ತು. ಅನಸೂಯಾಬಾಯಿಯ ಉತ್ತರವೂ ಬಂದಿತ್ತು. "ಹೌದ್ರಿ. ನಮ್ಮ ಮನ್ಯಾಗ ಉಪ್ಪಿಟ್ಟೇ ಮಾಡ್ತೇವ್ರಿ."

ದಿನಾ ಏನವಾ ಅನ್ನುತ್ತಿದ್ದ ಹೆಂಗಸು ರೀ ಹಚ್ಚಿದ್ದಳು. ಕೊಟ್ರಮ್ಮನಿಗೆ ಆಪರೇಷನ್ನಿನಲ್ಲೂ ಅಷ್ಟು ನೋವಾಗಿರಲಿಲ್ಲ.

"ಮುಠ್ಠಾಳ! ನಾನು ಹೇಳಿದ್ದನ್ನೆಲ್ಲ ಬರೀತಾರೇನೋ? ಇನ್ನು ಮೇಲೆ ನಾನು ಹೇಳಲ್ಲ, ನೀನೇ ಚಿಕ್ಕದಾಗಿ ಬರಿ. ಅವರು ಏನೇ ಅಂದರೂ, 'ಹೌದೌದು, ನೀವು ಹೇಳೋದು ನೂರಕ್ಕೆ ನೂರು ನಿಜ' ಅನ್ನು. ಯಾರಿಗೂ ಬೇಜಾರಾಗಲ್ಲ."

"ಆಯ್ತವ್ವ. ನೂರಕ್ಕೆ ನೂರು."

ಮಾರನೇ ಬೆಳಿಗ್ಗೆ ಮೊದಲು ಬಂದವಳು ಜಲಜಾಕ್ಷಿ. ಅವಳು ಅಂಗನವಾಡಿ ಟೀಚರು, ಮಕ್ಕಳ ಜಗಳ ಬಿಡಿಸಿ ಅಭ್ಯಾಸ. ನಿನ್ನೆಯ ಬಿಸಿ ಆರಿಸೋಣ ಅಂತ ತನ್ನ ಮೇಲೇ ಹಾಕಿಕೊಂಡು ಬರೆದಳು. "ನಿನ್ನೆಯದ್ದಕ್ಕೆ ಯಾರೂ ಬೇಸರ ಮಾಡಬೇಡಿ ಆಯ್ತಾ. ತಪ್ಪು ನನ್ನದೇ. ನನಗೆ ಮಾತು ಹೆಚ್ಚು, ಬೆಳಿಗ್ಗೆ ಬೆಳಿಗ್ಗೆ ನಿಮ್ಮ ತಲೆ ತಿನ್ನುತ್ತೇನೆ. ನನಗೆ ಅರ್ಧ ಮರುಳು."

"ಹೌದೌದು, ನೀವು ಹೇಳೋದು ನೂರಕ್ಕೆ ನೂರು ನಿಜ."

ಆಮೇಲೆ ಜಲಜಾಕ್ಷಿ, "ಓ. ಹಾಗೋ. ಆಯ್ತು."

"ಅಯ್ಯೋ ನಿನ್ನ!" ಅಂದಳು ಕೊಟ್ರಮ್ಮ. "ಯಾರಾದರೂ ತಮ್ಮನ್ನ ತಾವೇ ಹೀಗಳೆದುಕೊಂಡರೆ ಹೌದು ಅಂತಾರೇನೋ? ಅದು ನಾವು ಅಲ್ಲ ಅನ್ನಲಿ ಅಂತ ಹೇಳೋ ಮಾತು. ಅಂಥ ಹೊತ್ತಲ್ಲಿ 'ಛೆ ಛೆ, ಹಾಗೆಲ್ಲ ಏನಿಲ್ಲ, ನೀವು ಸುಮ್ಮನೆ ಹೇಳ್ತೀರಿ' ಅನ್ನಬೇಕು."

"ಛೆ ಛೆ ಎರಡು ಸಲವಾ, ಒಂದು ಸಲವಾ?"

"ಎರಡು ಸಲ! ಹೋಗು ಅತ್ಲಾಗೆ."

ಮುಂದಿನ ಬೆಳಿಗ್ಗೆ ಚೆನ್ನಾಜಮ್ಮ ಬರೆದಳು. ಅವಳು ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವವಳು, ಬರೆಯೋದು ಕಡಿಮೆ. ಅವತ್ತು ಇನ್ನೂ ಕಡಿಮೆ. "ರಾತ್ರಿ ನಮ್ಮತ್ತೆ ತೀರೋದ್ರು ಕಣ್ರವ್ವ. ಮಗಳಂಗೆ ನೋಡ್ಕೊಂಡಿದ್ರು ನನ್ನ."

"ಛೆ ಛೆ, ಹಾಗೆಲ್ಲ ಏನಿಲ್ಲ, ನೀವು ಸುಮ್ಮನೆ ಹೇಳ್ತೀರಿ."

ಇದನ್ನು ಕೇಳಿ ಕೊಟ್ರಮ್ಮ ನೆಲದ ಮೇಲೆ ಕೂತಳು. ಬಯ್ಯಲೂ ಇಲ್ಲ. "ಅವರಿಗೆ ಫೋನು ಹಚ್ಚು" ಅಂದಳು. ಮೊದಲ ಸಲ ಆ ಗೆಳತಿಯ ದನಿ ಕೇಳೋಕೆ ಕಿವಿಗಿಟ್ಟುಕೊಂಡಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿಸಿದಳು. ಚೆನ್ನಾಜಮ್ಮ ಎತ್ತಲಿಲ್ಲ. ಸಾವಿನ ಮನೆ, ಎತ್ತೋಕೆ ಪುರುಸೊತ್ತಿಲ್ಲವೋ, ಮನಸ್ಸಿಲ್ಲವೋ.

"ಹಾಗಾದರೆ ಬರಿ. ಇದನ್ನ ಬರೆದಿದ್ದು ನಾನಲ್ಲ ಅಂತ ಬರಿ."

ಹಾಲೇಶಿ ಬರೆದ. "ಇದನ್ನ ಬರೆದಿದ್ದು ನಾನಲ್ಲ."

ಯಾರು ಬರೆದದ್ದು ಅಂತಲೂ ಬರಿ ಅಂತ ಅವಳು ಹೇಳಲಿಲ್ಲ, ಅವನು ಬರೆಯಲಿಲ್ಲ. ಅತ್ತ ಚೆನ್ನಾಜಮ್ಮ ಹೆಣದ ಮುಂದೆ ಕೂತು ಓದಿದಳು. "ಆಡೋದೆಲ್ಲ ಆಡ್ಬುಟ್ಟು ಈಗ ನಾನಲ್ಲ ಅಂತಾಳೆ. ಎಂಥ ಹೆಂಗ್ಸವ್ವ!" ಆಮೇಲೆ ತಿಥಿ ಮುಗಿಯುವ ತನಕ ಅವಳು ಗುಂಪಿನ ಕಡೆ ತಲೆ ಹಾಕಲಿಲ್ಲ.

"ಸತ್ತ ಸುದ್ದಿ ಬಂದರೆ ಏನನ್ನಬೇಕು ಅಂತ ನೀನು ಹೇಳಿಕೊಟ್ಟಿರಲಿಲ್ಲವ್ವ" ಅಂದ ಹಾಲೇಶಿ. ಅವನ ಕಣ್ಣಲ್ಲಿ ನೀರಿತ್ತು. ಅವ್ವ ಬಯ್ಯದೇ ಇದ್ದರೆ ಅವನಿಗೆ ಭಯ.

ಕೊಟ್ರಮ್ಮ ನಿಟ್ಟುಸಿರು ಬಿಟ್ಟಳು. "ಎಷ್ಟು ಅಂತ ಹೇಳಿಕೊಡಲೋ ನಾನು? ಯಾರಾದರೂ ಮನೆಯಿಂದ ಹೋದರು ಅಂತ ಅತ್ತರೆ, 'ಪಾಪ, ಎಷ್ಟು ಒದ್ದಾಡಿದರೋ ಏನೋ. ಬಿಡುಗಡೆಯಾಯಿತು ಅಂದುಕೊಳ್ಳಿ' ಅನ್ನಬೇಕು."

"ಮನೆಯಿಂದ ಹೋದರು ಅಂತ ಅತ್ತರೆ. ಆಯ್ತವ್ವ."

ಈಗ ಸುಮ್ಮನಾಗಿಬಿಡಬಹುದಿತ್ತು ಅಂತ ನಿಮಗನ್ನಿಸಬಹುದು. ಅವಳಿಗೂ ಅನ್ನಿಸಿತು. ಆದರೆ ಮೂವರನ್ನೂ ನೋಯಿಸಿ ಬಾಯಿ ಮುಚ್ಚಿಕೊಂಡರೆ ಬೇಕೆಂದೇ ನೋಯಿಸಿದಳು ಅಂದುಕೊಳ್ಳೋದಿಲ್ಲವೇ? ಚೆನ್ನಾಜಮ್ಮ ಎತ್ತದ ಮೇಲೆ ಯಾರಿಗೂ ಫೋನು ಹಚ್ಚೋ ಧೈರ್ಯ ಅವಳಿಗಿರಲಿಲ್ಲ. ಒಂದು ಒಳ್ಳೇ ಮಾತು ಹೋಗಲಿ, ಒಂದೇ ಒಂದು, ಅಂತ ದಿನಾ ಕಾದಳು.

ಅನಸೂಯಾಬಾಯಿ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಅವಳ ಒಬ್ಬಳೇ ಮಗಳ ಮದುವೆ ಆಯಿತು. ರೀ ಹಚ್ಚಿದ ಸಿಟ್ಟು ಆ ಸಡಗರದಲ್ಲಿ ಕರಗಿತ್ತೋ ಏನೋ, ಒಂದು ಬೆಳಿಗ್ಗೆ ಮತ್ತೆ ಹಳೇ ಧಾಟಿಯಲ್ಲಿ ಬರೆದಳು. "ನಿನ್ನೆ ಮಗಳನ್ನ ಗಂಡನ ಮನೀಗೆ ಕಳಿಸಿ ಬಂದ್ವಿ. ಮನಿ ಭಣಭಣ ಅನ್ನಾಕತ್ತೇತಿ. ಅಳೂನೇ ನಿಲ್ಲವಲ್ದವಾ."

"ಪಾಪ, ಎಷ್ಟು ಒದ್ದಾಡಿದರೋ ಏನೋ. ಬಿಡುಗಡೆಯಾಯಿತು ಅಂದುಕೊಳ್ಳಿ."

ಅನಸೂಯಾಬಾಯಿ ಮತ್ತೆ ರೀ ಹಚ್ಚಲಿಲ್ಲ. ಏನನ್ನೂ ಹಚ್ಚಲಿಲ್ಲ.

"ಮದುವೆ ಕಣೋ ಅದು! ಮದುವೆ!" ಕೊಟ್ರಮ್ಮ ಚಿಮಣಿ ಗಾಜು ಒಡೆದ ಹಾಗೆ ಕೂಗಿದಳು. "ನಗುತ್ತಾ ಹೇಳಬೇಕಿತ್ತು! 'ಬಹಳ ಸಂತೋಷವಾಯಿತು, ಎಲ್ಲರೂ ನಮ್ಮನೆಗೆ ಬನ್ನಿ, ಹೋಳಿಗೆ ಊಟ ಹಾಕ್ತೀನಿ' ಅನ್ನಬೇಕಿತ್ತು!"

"ಅವರು ಅಳ್ತಿದ್ರಲ್ಲವ್ವ?"

"ಅಳಲಿ! ಅತ್ತರೂ ನಕ್ಕರೂ ಇನ್ನು ಅದೊಂದೇ ಮಾತು. ಬೇರೆ ಏನನ್ನೂ ಬರೆದೀಯಾ ಹುಷಾರು."

"ಅದೊಂದೇ ಮಾತು. ಆಯ್ತವ್ವ."

ಕೆಲವು ದಿನ ಗುಂಪಿನಲ್ಲಿ ಒಂದು ಅಕ್ಷರವಿಲ್ಲ. ಹಾಲು ಕಾಯುತ್ತಿತ್ತು, ಉಕ್ಕುತ್ತಿತ್ತು, ಕೊಟ್ರಮ್ಮ ಕಪ್ಪು ಕನ್ನಡಕದೊಳಗೆ ಕಣ್ಣು ಮುಚ್ಚಿಕೊಂಡು, "ಯಾರಾದರೂ ಏನಾದರೂ ಬರೆದರಾ?" ಅಂತ ಕೇಳುತ್ತಿದ್ದಳು. "ಇಲ್ಲವ್ವ." "ಸರಿ, ಚಾ ಸೋಸು."

ಒಂದು ದಿನ ಬಂತು. ಜಲಜಾಕ್ಷಿಯದು. "ಕೊಟ್ರಮ್ಮನವರೇ, ನಾವು ಮೂರು ಜನ ಮಾತಾಡಿಕೊಂಡೆವು. ನಮ್ಮಿಂದ ನಿಮಗೆ ಎಂತ ಬೇಜಾರಾಗಿದೆ ಅಂತ ಗೊತ್ತಿಲ್ಲ. ನಾಳೆಯಿಂದ ನಾವು ಈ ಗುಂಪಿನಲ್ಲಿ ಇರುವುದಿಲ್ಲ. ಇಷ್ಟು ದಿನ ಚಂದ ಇತ್ತು."

ಕೊಟ್ರಮ್ಮ ಸ್ನಾನಕ್ಕೆ ಹೋಗಿದ್ದಳು. ಹಾಲೇಶಿ ಓದಿದ. ಒಂದೇ ಮಾತು ಅಂದಿದ್ದಳಲ್ಲ ಅವ್ವ.

"ಬಹಳ ಸಂತೋಷವಾಯಿತು, ಎಲ್ಲರೂ ನಮ್ಮನೆಗೆ ಬನ್ನಿ, ಹೋಳಿಗೆ ಊಟ ಹಾಕ್ತೀನಿ."

ಇದನ್ನು ಓದಿ ಪುತ್ತೂರಿನಲ್ಲಿ ಜಲಜಾಕ್ಷಿ ಮೊದಲು ಸಿಟ್ಟಾದಳು, ಆಮೇಲೆ ಹೆದರಿದಳು. ಉಳಿದಿಬ್ಬರಿಗೂ ಫೋನು ಮಾಡಿದಳು. "ಇದು ಸಿಟ್ಟಲ್ಲ ಮಾರಾಯ್ತಿ. ಆ ಹೆಂಗಸಿಗೆ ತಲೆಗೆ ಎಂತದೋ ಆಗಿದೆ. ಒಮ್ಮೆ ಹೋಗಿ ನೋಡುವ."

"ಬರ್ತೇನಿ" ಅಂದಳು ಅನಸೂಯಾಬಾಯಿ. "ಆಕಿ ಚೀಲ ಕಳಿಸಿದ ಕೊರಿಯರ್ ಕವರಿನ ಮ್ಯಾಲ ವಿಳಾಸ ಐತಿ."

"ನಾನೂ ಬತ್ತೀನಿ" ಅಂದಳು ಚೆನ್ನಾಜಮ್ಮ. "ನೋಡಕ್ಕಲ್ಲ. ಮುಖದ ಮುಂದೆ ನಾಕು ಮಾತು ಕೇಳ್ಬುಟ್ಟು ಬರಕ್ಕೆ."

ಹೀಗೆ ಮೂರು ದಿಕ್ಕಿನಿಂದ ಹೊರಟ ಮೂವರು ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಕೈಚೀಲ ನೋಡಿ ಗುರುತು ಹಿಡಿದು, ಬಿಸಿಲೇರೋ ಹೊತ್ತಿಗೆ ಕೊಟ್ರಮ್ಮನ ಬಾಗಿಲಿಗೆ ಬಂದರು. ವಠಾರದ ಮನೆ. ಮುಂದೆ ಒಂದು ಬಾಗಿಲು, ಸರಳಿನ ಒಂದು ಕಿಟಕಿ, ಹಿಂದೆ ಗೋಡೆ.

ಬಾಗಿಲಲ್ಲಿ ಹಾಲೇಶಿ ಎರಡೂ ಕೈ ಜೋಡಿಸಿದ. "ಬನ್ನಿ ಅಮ್ಮ. ಕೂತ್ಕೊಳ್ಳಿ ಅಮ್ಮ. ನೀರು ಕೊಡಲಾ ಅಮ್ಮ?" ತಲೆ ಬಾಚಿತ್ತು, ಅಂಗಿಗೆ ಇಸ್ತ್ರಿ ಇತ್ತು.

ಮೂವರೂ ತಮ್ಮ ಹೆಸರು ಹೇಳಿದರು. ಒಳಗೆ ಕೊಟ್ರಮ್ಮ ಎದ್ದು ನಿಂತಳು. ಯಾರ ಮುಖವೂ ಸರಿಯಾಗಿ ಕಾಣಲಿಲ್ಲ, ಕಪ್ಪು ಗಾಜಿನೊಳಗೆ ಮೂರು ಸೀರೆ ಅಷ್ಟೇ. ಯಾವ ಸೀರೆ ಯಾರದು ಅಂತಲೂ ತಿಳಿಯಲಿಲ್ಲ. ಅಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕಣ್ಣು, ಆಪರೇಷನ್ನು, ಫೋನು ಮುಟ್ಟಬೇಡ ಅಂದದ್ದು, ಬರೆದದ್ದೆಲ್ಲ ಮಗ ಅನ್ನೋದು.

ಜಲಜಾಕ್ಷಿ "ಅಯ್ಯೋ ದೇವರೇ" ಅಂದಳು. ಅನಸೂಯಾಬಾಯಿ ಅರ್ಧ ಕರಗಿ, ಮಗಳ ವಿಷಯ ನೆನಪಾಗಿ ಅರ್ಧ ಹಾಗೇ ಉಳಿದಳು. ಚೆನ್ನಾಜಮ್ಮ ಹಾಲೇಶಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಈ ಹುಡ್ಗನಾ? ಇಷ್ಟು ಮರ್ಯಾದಸ್ಥ ಹುಡ್ಗನಾ? ಸತ್ತ ಸುದ್ದಿಗೆ ಸುಮ್ಮನೆ ಹೇಳ್ತೀರಿ ಅಂತ ಇವ್ನು ಬರ್ದನಾ?"

"ಹೌದು ಚೆನ್ನಾಜಮ್ಮ. ಇವನೇ."

"ನೋಡವ್ವ, ಬಾಯ್ತಪ್ಪಿ ಅಂದೆ ಅಂದ್ರೆ ನಾನು ಬುಟ್ಬುಡ್ತಿದ್ದೆ. ಹೆತ್ತ ಮಗನ ಮೇಲೆ ಹಾಕ್ತೀಯಲ್ಲ, ಅದು ನನಗೆ ಸೇರಲಿಲ್ಲ. ಏನಪ್ಪ, ನೀನು ಬರ್ದಾ?"

ಹಾಲೇಶಿ ಅವ್ವನ ಮುಖ ನೋಡಿದ. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಅಂತ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದಳು. ಸುಮ್ಮನೆ ಕೈ ಜೋಡಿಸಿದ.

"ನೋಡು, ಪಾಪ, ಉಸ್ರೇ ಇಲ್ಲ ಮಗುಗೆ" ಅಂದಳು ಚೆನ್ನಾಜಮ್ಮ. ಎದ್ದಳು. ಅವಳು ಎದ್ದ ಮೇಲೆ ಉಳಿದಿಬ್ಬರೂ ಕೂತಿರೋದು ಹೇಗೆ? ಅವರೂ ಎದ್ದರು. "ಹೋಯ್ತೀವಿ ಕಣವ್ವ. ಕಣ್ಣು ಹುಷಾರು."

ಹೋಯ್ತೀವಿ ಅಂದಳು. ಬತ್ತೀವಿ ಅನ್ನಲಿಲ್ಲ.

ನಮ್ಮಲ್ಲಿ ಹಾಗೆ ಯಾರು ಅಂತಾರೆ ಹೇಳಿ? ಹಾಲು ತರೋಕೆ ಹೊರಟವರೂ ಬರ್ತೀನಿ ಅಂತಲೇ ಹೋಗ್ತಾರೆ. ಮುಖ ಕಾಣದ ಕೊಟ್ರಮ್ಮನಿಗೆ ಆ ಒಂದು ಮಾತಿನಲ್ಲಿ ಎಲ್ಲ ಕಂಡಿತು. ಇವರು ಈ ಹೊಸಿಲು ದಾಟಿದರೆ ಮುಗಿಯಿತು, ನಾಳೆಯಿಂದ ಚಾ ಆತೇನು ಅಂತ ಕೇಳೋರಿಲ್ಲ.

"ಒಂದು ನಿಮಿಷ, ಕುಂಕುಮ ತರ್ತೀನಿ" ಅಂತ ತಡವರಿಸಿಕೊಂಡು ಅಡುಗೆಮನೆಗೆ ಹೋದಳು. ಹಾಲೇಶಿಯನ್ನೂ ಎಳೆದುಕೊಂಡಳು. ಅವನ ಕಿವಿಯಲ್ಲಿ ಪಿಸುಗುಟ್ಟಿದಳು.

"ಏನಾದರೂ ಮಾಡೋ. ಊಟ ಮಾಡದೆ ಇವರನ್ನ ಹೊಸಿಲು ದಾಟೋಕೆ ಬಿಡಬೇಡ. ಬೇಡ ಅಂತಾರೆ. ಹೊತ್ತಾಯ್ತು ಅಂತಾರೆ, ಬಸ್ಸು ಅಂತಾರೆ. ಅದೆಲ್ಲ ಮರ್ಯಾದೆಗೆ ಅನ್ನೋ ಮಾತು, ಕಿವಿಗೆ ಹಾಕ್ಕೋಬೇಡ. ಒತ್ತಾಯ ಮಾಡಬೇಕು. ತಿಳೀತಾ?"

"ತಿಳೀತವ್ವ."

ಕೊಟ್ರಮ್ಮ ಕುಂಕುಮದ ಬಟ್ಟಲು ಹುಡುಕುತ್ತಿದ್ದಳು. ಮುಂದಿನ ಬಾಗಿಲು ಧಡ್ ಅಂತ ಹಾಕಿಕೊಂಡ ಸದ್ದಾಯಿತು. ಆಮೇಲೆ ಹೊರಗಿನ ಚಿಲಕ. ಆಮೇಲೆ ಬೀಗ. ಆಮೇಲೆ ಯಾರೋ ಓಡಿಹೋದ ಚಪ್ಪಲಿ ಸದ್ದು.

ಚೆನ್ನಾಜಮ್ಮ ಬಾಗಿಲು ಎಳೆದಳು. ಬರಲಿಲ್ಲ. ಎರಡೂ ಕೈಯಲ್ಲಿ ಎಳೆದಳು. "ಇದೇನವ್ವ ಇದು!"

"ಬೀಗ ಹಾಕ್ಯಾನ?" ಅಂದಳು ಅನಸೂಯಾಬಾಯಿ.

"ಎಂತಕ್ಕೆ?" ಅಂದಳು ಜಲಜಾಕ್ಷಿ.

ಕೊಟ್ರಮ್ಮ ಅಡುಗೆಮನೆ ಬಾಗಿಲಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಸೋತ ದನಿಯಲ್ಲಿ ಹೇಳಿದಳು. "ನಾನೇ ಅಂದೆ. ಊಟ ಮಾಡದೆ ಹೊಸಿಲು ದಾಟೋಕೆ ಬಿಡಬೇಡ ಅಂತ. ಬೇಡ ಅಂದರೂ ಒತ್ತಾಯ ಮಾಡು ಅಂತ."

ಚೆನ್ನಾಜಮ್ಮ ಬಾಗಿಲ ಹಿಡಿಕೆ ಬಿಟ್ಟ ತನ್ನ ಕೈ ನೋಡಿಕೊಂಡಳು. ಬಾಗಿಲು ನೋಡಿದಳು. ಕೊಟ್ರಮ್ಮನನ್ನು ನೋಡಿದಳು.

"ಇವ್ನೇ ಕಣವ್ವ" ಅಂದಳು. "ಇವ್ನೇ ಬರ್ದಿರೋದು."

ಆಮೇಲೆ ಅವಳಿಗೆ ನಗು ಬಂತು. ತಿಥಿ ಆದ ಮೇಲಿನ ಮೊದಲ ನಗು. ನಿಲ್ಲಲಿಲ್ಲ. ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು, ಸೆರಗಿನೊಳಗೂ ನಕ್ಕಳು. "ನಮ್ಮತ್ತೆ ಇದ್ದಿದ್ರೆ... ಛೆ ಛೆ ಹಾಗೆಲ್ಲ ಏನಿಲ್ಲ ಅಂತ ಹೇಳಿದ್ದ ಕೇಳಿದ್ರೆ ಹೆಣ ಎದ್ದು ಕೂತ್ಕಂಡು ನಗ್ತಿತ್ತು ಕಣವ್ವ!"

ಅನಸೂಯಾಬಾಯಿ ನಕ್ಕು ನಕ್ಕು ಅತ್ತಳು. "ನನ್ನ ಮಗಳು ಆರಾಮ ಅದಾಳವಾ. ಬಿಡುಗಡಿ ಆಗಿದ್ದು ಖರೇ. ದಿನಾ ನನ್ನ ಉಪ್ಪಿಟ್ಟು ತಿನ್ನೂದು ತಪ್ಪೇತಿ ಆಕೀಗೆ!"

"ನನಗೆ ಅರ್ಧ ಮರುಳು ಅನ್ನುವುದೂ ನೂರಕ್ಕೆ ನೂರು ನಿಜ" ಅಂದಳು ಜಲಜಾಕ್ಷಿ. "ಇಲ್ಲದಿದ್ದರೆ ಯಾರಾದರೂ ಹೋಳಿಗೆಗೆ ಅಂತ ಪುತ್ತೂರಿನಿಂದ ಬರುತ್ತಾರಾ? ಎಲ್ಲಿ ಹೋಳಿಗೆ?"

ಹೋಳಿಗೆ ಎಲ್ಲಿಂದ ಬರಬೇಕು? ಮನೆಯಲ್ಲಿ ಅಕ್ಕಿ ಇತ್ತು, ಬೇಳೆ ಇತ್ತು, ಇಷ್ಟು ಬದನೆಕಾಯಿ ಇತ್ತು. ಕೊಟ್ರಮ್ಮ ಒಲೆ ಹತ್ತಿರ ಹೋಗೋ ಹಾಗಿರಲಿಲ್ಲ. ಅವಳನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಮೂವರೂ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನುಗ್ಗಿದರು. ಆ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತು ಕೊಟ್ರಮ್ಮ ಕೇಳುತ್ತಿದ್ದಳು. ಇಷ್ಟು ದಿನ ಓದಿದ್ದೆಲ್ಲ ದನಿಯಾಗಿ ಕೇಳುತ್ತಿತ್ತು.

"ಅಯ್ಯೋ, ಸಾರಿಗೆ ಬೆಲ್ಲ ಹಾಕ್ತೀರೇನ್ರವ್ವ? ಪಾಯಸವಾ ಅದು?"

"ಸ್ವಲ್ಪವೇ ಮಾರಾಯ್ತಿ. ಬೆಲ್ಲ ಹಾಕದಿದ್ದರೆ ಅದು ಸಾರಾ, ಬಿಸಿನೀರಾ?"

"ಸರಿಯವಾ ಇತ್ತಾಗ, ಖಾರ ನಾ ಹಾಕ್ತೇನಿ. ಏ, ಹಾಕ್ಲಿಕ್ಕೆ ಬಿಡವಾ!"

ನಾಲ್ವರೂ ಸಾಲಾಗಿ ಕೂತು ಊಟ ಮಾಡಿದರು. ಬೇಡ ಬೇಡ ಅನ್ನುತ್ತಾ ಎರಡೆರಡು ಸಲ ಹಾಕಿಸಿಕೊಂಡರು. ಅನಸೂಯಾಬಾಯಿ ಗಡಿಯಾರ ನೋಡಿದಳು. "ನನ್ನ ಬಸ್ಸಿನ ಹೊತ್ತು ದಾಟಿ ಹೋತು. ಮುಂದಿನದಾದ್ರೂ ಹಿಡಿಬೇಕವಾ. ಕರಿ ನಿನ್ನ ಮಗನ್ನ."

ಕೊಟ್ರಮ್ಮ ಕಿಟಕಿಯ ಸರಳು ಹಿಡಿದು ಕೂಗಿದಳು. "ಹಾಲೇಶಿ! ಲೇ ಹಾಲೇಶಿ!"

ಕಟ್ಟೆಯ ಮೇಲೆ ಕೂತಿದ್ದ ಹಾಲೇಶಿ ಓಡಿ ಬಂದ. "ಊಟ ಆಯ್ತಾ ಅವ್ವ? ಎಲ್ಲರದೂ? ಹೊಟ್ಟೆ ತುಂಬಾ?"

"ಹೊಟ್ಟೆ ತುಂಬಾ ಆಯ್ತು ಕಣೋ. ಬೀಗ ತೆಗಿ."

"ಹಾಂ, ಊಟ ಆಗಿದ್ದರೆ ತೆಗೀಬಹುದು" ಅಂದ ಹಾಲೇಶಿ. ಅಲ್ಲೇ ನಿಂತ.

"ತೆಗಿಯೋ ಮತ್ತೆ!"

"ಕೀಲಿ ನನ್ನ ಹತ್ರ ಇಲ್ಲವ್ವ."

"ಎಲ್ಲೋ ಕೀಲಿ?"

"ಅವರು ಬೇಡ ಅಂತಾರೆ, ಹೊತ್ತಾಯ್ತು ಅಂತಾರೆ ಅಂದ್ಯಲ್ಲ. ನನಗೆ ಪಾಪ ಅನ್ನಿಸಿಬಿಡುತ್ತೆ, ಕರಗಿ ತೆಗೆದುಬಿಡ್ತೀನಿ. ಅದಕ್ಕೆ ಕೈಯಲ್ಲಿ ಇಟ್ಕೊಳ್ಳೋದೇ ಬೇಡ ಅಂತ ಬಸ್ ಸ್ಟ್ಯಾಂಡಿಗೆ ಓಡಿದೆ. ಧಾರವಾಡದ ಬಸ್ಸು ಹೊರಡ್ತಾ ಇತ್ತು. ಕಂಡಕ್ಟರ್ ಕೈಗೆ ಕೊಟ್ಟೆ."

"ಧಾರವಾಡಕ್ಕ!" ಅಂದಳು ಅನಸೂಯಾಬಾಯಿ.

"ಹೆದರಬೇಡಿ ಅಮ್ಮ, ಯಾರ್ಯಾರಿಗೋ ಕೊಡಬೇಡ ಅಂತ ಕಟ್ಟುನಿಟ್ಟಾಗಿ ಹೇಳಿದೀನಿ" ಅಂದ ಹಾಲೇಶಿ, ಎರಡೂ ಕೈ ಜೋಡಿಸಿ. "ಧಾರವಾಡದಲ್ಲಿ ಅನಸೂಯಾಬಾಯಿ ಅಂತ ಒಬ್ಬರು ಇಳೀತಾರೆ, ಇಳಿದ ಕೂಡಲೆ ಅವರ ಕೈಗೇ ಕೊಡು ಅಂದಿದೀನಿ."

ಮೂವರೂ ಕೊಟ್ರಮ್ಮನ ಮುಖ ನೋಡಿದರು. ಈಗ ಬಯ್ತಾಳೆ, ಏನು ಬಯ್ತಾಳೋ ಅಂತ.

ಕೊಟ್ರಮ್ಮ ಬಾಯಿ ತೆರೆದಳು. ಮುಚ್ಚಿದಳು. ಬಯ್ದರೆ, ಕೊನೆಗೆ ಹೀಗಲ್ಲವೋ ಹಾಗೆ ಮಾಡಬೇಕಿತ್ತು ಅಂತ ಮತ್ತೊಂದು ಬುದ್ಧಿ ಹೇಳಬೇಕಾಗುತ್ತೆ.

"ಜಲಜಾಕ್ಷಿ," ಅಂದಳು, "ಅಟ್ಟದ ಮೇಲೆ ಇನ್ನೆರಡು ಚಾಪೆ ಇದಾವೆ, ಸ್ವಲ್ಪ ಇಳಿಸಮ್ಮ."